ಉಮದಿಯಿಂದ ಸಾಂಗಲಿಗೆ ಇಪ್ಪತ್ತು ನಿಮಿಷ

ಸಾಂಗಲಿ ನರ್ಸಿಂಗ್ ಕಾಲೇಜಿನ ಮಾನ್ಯ ಪ್ರವೇಶಾಧಿಕಾರಿಗಳೇ,

ಉಮದಿಯಿಂದ ಸಾಂಗಲಿಗೆ ಇಪ್ಪತ್ತು ನಿಮಿಷದಲ್ಲಿ ತಲುಪುವ ದಾರಿ ಯಾವುದೆಂದು ದಯವಿಟ್ಟು ತಿಳಿಸಿ. ಈ ರಸ್ತೆಯಲ್ಲಿ ಇಪ್ಪತ್ತಾರು ವರ್ಷ ಸರಕಾರಿ ಎಸ್‌ಟಿ ಬಸ್ಸಿನ ಕಂಡಕ್ಟರ್ ಆಗಿದ್ದೆ, ನನಗಂತೂ ಅದು ಸಿಗಲಿಲ್ಲ. ಆ ದಾರಿ ಹಿಡಿಯದ ತಪ್ಪಿಗೆ ನಮ್ಮ ಪಕ್ಕದ ಮನೆಯ ಪ್ರಣಾಲಿ ತನ್ನ ಸೀಟು ಕಳೆದುಕೊಂಡಿದ್ದಾಳೆ.

ಕಾಯುವ ಪಟ್ಟಿಯಲ್ಲಿ ಅವಳದೇ ಮೊದಲ ಹೆಸರು. ಸೀಟು ಖಾಲಿಯಿದೆ ಎಂಬ ಸಂದೇಶ ಬಂದ ಮೇಲೆ ಪ್ರಯಾಣದ ಅವಧಿ, ಅದರ ಮೇಲೆ ಒಂದು ತಾಸು, ಇಷ್ಟರೊಳಗೆ ಹಾಜರಾಗಬೇಕೆಂಬುದು ತಮ್ಮ ನಿಯಮ. ತಮ್ಮ ಕೋಷ್ಟಕದಲ್ಲಿ ಉಮದಿಗೆ ಎರಡು ಅವಧಿಗಳಿವೆ: ವಿಮಾನದಲ್ಲಿ ಇಪ್ಪತ್ತು ನಿಮಿಷ, ರಸ್ತೆಯಲ್ಲಿ ಎರಡು ತಾಸು ನಲವತ್ತು ನಿಮಿಷ. ತಾವು ಉದಾರವಾಗಿ ವಿಮಾನವನ್ನೇ ಆರಿಸಿದಿರಿ. ಬೆಳಿಗ್ಗೆ ೧೦.೨೦ಕ್ಕೆ ಸಂದೇಶ, ೧೧.೪೦ಕ್ಕೆ ಗಡುವು. ಉಮದಿಯಲ್ಲಿ ವಿಮಾನ ಎಲ್ಲಿ ನಿಲ್ಲುತ್ತದೆ ಸ್ವಾಮಿ, ಸಂತೆಯ ಬಯಲಿನಲ್ಲೋ?

ಇಲ್ಲಿ ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ, ನಾಳೆ ತಾವೇ ಅದನ್ನು ಎತ್ತಿ ತೋರಿಸುವುದು ಬೇಡ. ೧೦.೪೦ಕ್ಕೆ ಸ್ಟ್ಯಾಂಡಿನಲ್ಲಿ ಸಾಂಗಲಿ ದಾರಿಯ ಜತ್ ಕಡೆಗೆ ಹೊರಟ ಜೀಪೊಂದಿತ್ತು. ಪ್ರಣಾಲಿಯ ತಾಯಿ ಜನಾಬಾಯಿ, ಕೂಲಿಗೆ ರಜೆ ಹಾಕಿ ಬಂದವಳು, ಮಗಳನ್ನು ಹತ್ತಿಸಲು ಹೊರಟಿದ್ದಳು. ನಾನೇ ತಡೆದೆ. "ಜೀಪ್ ಬ್ಯಾಡವ್ವಾ, ಹನ್ನೊಂದರ ಬಸ್ ಸೀದಾ ಸಾಂಗಲಿಗೆ ಹೋಗ್ತದ, ಕುಂದ್ರಿ" ಅಂದೆ. ಆ ಬಸ್ಸಿನಲ್ಲಿ ನಾನೇ ಟಿಕೆಟ್ ಹರಿದವನು. ಅದು ರದ್ದಾಗಿ ಒಂದು ವರ್ಷವಾಯಿತೆಂದು ೧೧.೩೦ಕ್ಕೆ ಪಾನಂಗಡಿಯವನು ಹೇಳಿದ. ಜನಾಬಾಯಿ ಬೈಯಲಿಲ್ಲ. "ನೀವು ಹೇಳಿದ್ರಿ ಅಂತ ಕುಂತ್ವಿರಿ" ಎಂದಳು, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಇನ್ನೊಂದು ಜೀಪ್ ಹಿಡಿದು, ಜತ್‌ನಲ್ಲಿ ಬಸ್ ಹತ್ತಿ, ನಾನೂ ಪ್ರಣಾಲಿಯೂ ತಮ್ಮ ಬಾಗಿಲಿಗೆ ಬಂದಾಗ ೨.೫೦. ನನ್ನಿಂದಾದ ವಿಳಂಬ ಐವತ್ತು ನಿಮಿಷ. ಅದನ್ನು ಕಳೆದರೆ ಸರಿಯಾಗಿ ಮಧ್ಯಾಹ್ನ ಎರಡು ಗಂಟೆ, ಅಂದರೆ ರಸ್ತೆಯ ಲೆಕ್ಕದ ಗಡುವು. ಆದರೆ ತಾವು ೧೧.೪೫ಕ್ಕೇ ಪಟ್ಟಿಯ ಎರಡನೆಯ ಹುಡುಗಿಗೆ ಸೀಟು ಕೊಟ್ಟಾಗಿತ್ತು. ತಮ್ಮ ಗುಮಾಸ್ತರು ತಲೆ ಎತ್ತದೆ, "ಟೈಮ್ ಕಂಪ್ಯೂಟರ್ ಹಾಕ್ತದ್ರಿ, ನಾ ಏನ್ ಮಾಡ್ಲಿ?" ಎಂದರು.

ಕಂಪ್ಯೂಟರಿಗೆ ನಮ್ಮ ಮೇಲೆ ಹಗೆಯಿಲ್ಲ ಎಂದುಕೊಂಡು ನಾನೂ ಹೊರಡುತ್ತಿದ್ದೆ. ಆದರೆ ಹೊರಗಿನ ಬೆಂಚಿನಲ್ಲಿ ಸೀಟು ಸಿಕ್ಕ ಹುಡುಗಿಯ ತಾಯಿ ಕುಳಿತಿದ್ದರು. ಪಾಪ, ಒಳ್ಳೆಯ ಹೆಂಗಸು. ಅಳುತ್ತಿದ್ದ ಪ್ರಣಾಲಿಗೆ ನೀರು ಕೊಟ್ಟು, "ನಿಮಗ ಇವತ್ತ ತಿಳೀತೇನ್ರಿ? ನಮಗ ನಿನ್ನೇನ ಫೋನ್ ಬಂದಿತ್ತಲ್ರಿ, ಕಾಗದ ತಗೊಂಡು ಹತ್ತಕ್ಕ ಬರ್ರಿ ಅಂತ" ಎಂದರು.

ಪಟ್ಟಿಯಲ್ಲಿ ಎರಡನೆಯವರಿಗೆ ಹಿಂದಿನ ದಿನವೇ ಫೋನ್, ಮೊದಲನೆಯವಳಿಗೆ ಆ ದಿನ ಬೆಳಿಗ್ಗೆ ಸಂದೇಶ! ಪ್ರಣಾಲಿ ಬರುವುದಿಲ್ಲವೆಂದು ಹಿಂದಿನ ದಿನವೇ ಯಾರಿಗೆ ಗೊತ್ತಿತ್ತು? ನೂರಾರು ಊರುಗಳಿರುವ ಕೋಷ್ಟಕದಲ್ಲಿ ವಿಮಾನದ ಲೆಕ್ಕ ಎಷ್ಟು ಊರುಗಳಿಗೆ ಹಾಕಿದ್ದೀರಿ, ಅಥವಾ ಉಮದಿಯೊಂದಕ್ಕೇ ಈ ಭಾಗ್ಯವೇ?

ಕ್ಷಮಾಪಣೆ ಬೇಡ, ಸಮಿತಿಯೂ ಬೇಡ. ಆ ಫೋನ್ ಯಾವ ಮೇಜಿನಿಂದ ಹೋಯಿತೆಂದು ನೋಟಿಸ್ ಬೋರ್ಡಿಗೆ ಹಚ್ಚಿ, ಪ್ರಣಾಲಿಗೆ ಅವಳ ಸೀಟು ಕೊಡಿ. ಕರೆದರೆ ಅವಳು ಬರುತ್ತಾಳೆ. ಈ ಸಲ ಅವಳನ್ನು ಜೀಪಿಗೆ ಹತ್ತಿಸುವವನು ನಾನೇ.

ಇಂತಿ,
ಇಲ್ಲದ ಬಸ್ಸಿಗೆ ಅವಳನ್ನು ಕಾಯಿಸಿದ,
ಅಪ್ಪಾಸಾಹೇಬ, ನಿವೃತ್ತ ಕಂಡಕ್ಟರ್, ಉಮದಿ