ಗೋಲ್‌ಕೀಪರನ ಕಣ್ಣಿಗೆ ಏನೂ ಆಗಿಲ್ಲ

ಫುಟ್‌ಬಾಲ್ ಸಂಘದ ಕಾರ್ಯದರ್ಶಿಗಳೇ,

‘ಮಾನ್ಯರೇ’ ಎಂದು ಶುರು ಮಾಡುವುದು ರೂಢಿ. ಅದನ್ನು ಸದ್ಯಕ್ಕೆ ತಡೆಹಿಡಿದಿದ್ದೇನೆ. ಪತ್ರ ಓದಿ ಮುಗಿಸಿದ ಮೇಲೂ ನಿಮಗೆ ಬೇಕೆನಿಸಿದರೆ ನೀವೇ ಸೇರಿಸಿಕೊಳ್ಳಿ. ವಿಷಯ ಇಷ್ಟೇ. ಕಳೆದ ಭಾನುವಾರ ಪಂದ್ಯದ ವಿರಾಮದಲ್ಲಿ ನೀವು ಮೈಕ್ ಹಿಡಿದು, ನಮ್ಮ ಯುವ ಗೋಲ್‌ಕೀಪರನಿಗೆ ದೃಷ್ಟಿದೋಷವಿದೆಯೆಂದೂ, ಅದು ಎದುರಿನ ಕನ್ನಡಕದ ಅಂಗಡಿಯಲ್ಲಿ ದೃಢಪಟ್ಟಿದೆಯೆಂದೂ, ಆದಕಾರಣ ಅವನಿಗೆ ವಿಶ್ರಾಂತಿ ಕೊಡಲಾಗಿದೆಯೆಂದೂ ಸಾರಿದಿರಿ. ಮೈದಾನದ ಎದುರಿಗೆ ಇರುವ ಕನ್ನಡಕದ ಅಂಗಡಿ ಒಂದೇ, ಅದು ನನ್ನದು. ಅವನ ಕಣ್ಣು ನೋಡಿದವನು ನಾನು. ಯಾವ ದೋಷವೂ ಇಲ್ಲವೆಂದು ನಿಮ್ಮ ಮುಖಕ್ಕೇ ಹೇಳಿದವನೂ ನಾನು. ನಾನು ಆಡದ ಮಾತನ್ನು ನನ್ನ ಹೆಸರಿನಲ್ಲಿ ಊರಿಗೆಲ್ಲ ಕೇಳಿಸುವ ಅಧಿಕಾರ ನಿಮಗೆ ಯಾವ ಸಭೆಯಲ್ಲಿ ಸಿಕ್ಕಿತು?

ತಪ್ಪು ತಿಳಿಯಬೇಡಿ, ನಾನು ಆ ಹುಡುಗನ ಭಕ್ತನಲ್ಲ. ಈ ಸಲ ಅವನಷ್ಟು ಕೆಟ್ಟದಾಗಿ ಗೋಲು ಕಾದವರನ್ನು ನಾನು ಕಂಡಿಲ್ಲ. ಅವನು ನಿಂತಿರುವಾಗ ಗೋಲಿಗೆ ಬಲೆ ಕಟ್ಟುವುದೇ ದಂಡ ಅನ್ನಿಸುತ್ತಿತ್ತು, ಚೆಂಡನ್ನು ನೇರವಾಗಿ ಹಿಂದಿನ ರಸ್ತೆಯಿಂದಲೇ ಎತ್ತಿಕೊಳ್ಳಬಹುದಿತ್ತು. ಗ್ಯಾಲರಿಯವರು ಅವನಿಗೆ ‘ಜರಡಿ’ ಎಂದು ಹೆಸರಿಟ್ಟಾಗ, ಜರಡಿಯಲ್ಲಾದರೂ ಕಲ್ಲು ನಿಲ್ಲುತ್ತದಲ್ಲ ಎಂದು ತಿದ್ದಿದವನು ನಾನೇ. ಅದಕ್ಕೆ ನನಗೆ ಪಶ್ಚಾತ್ತಾಪವೇನೂ ಇಲ್ಲ. ಟಿಕೆಟ್ ಕೊಂಡವನಿಗೆ ಬೈಯುವ ಹಕ್ಕಿದೆ. ಆದರೆ ಬೈಯುವುದು ಬೇರೆ, ಕಣ್ಣು ಕೀಳುವುದು ಬೇರೆ.

ಪರೀಕ್ಷೆಯ ದಿನ ನೀವು ಅವನನ್ನು ಮೆರವಣಿಗೆಯಲ್ಲಿ ಕರೆತಂದಿರಿ. ಹಿಂದೆ ಫೋಟೋದವನು, ಅವನ ಹಿಂದೆ ಅಭಿಮಾನಿಗಳ ಹಿಂಡು. ಕಣ್ಣು ನೋಡಬೇಕಾದರೆ ಕೋಣೆ ಕತ್ತಲಿರಬೇಕು, ಜನ ಸುಮ್ಮನಿರಬೇಕು. ನನಗೆ ಸಿಕ್ಕಿದ್ದು ಸಂತೆ. ಹುಡುಗ ಕುರ್ಚಿಯಲ್ಲಿ ಒಂದು ಕಣ್ಣು ಮುಚ್ಚಿಕೊಂಡು ಕೂತಿದ್ದ. ಅವನು ಅಲ್ಲಿ ಇಲ್ಲವೇ ಇಲ್ಲವೆಂಬಂತೆ ಅವನ ತಲೆಯ ಮೇಲೆ ಚರ್ಚೆ ನಡೆದಿತ್ತು.

“ಕಣ್ಣಲ್ಲಪ್ಪ, ಕೈ ಸರಿ ಇಲ್ಲ ಅವನದು,” ಎಂದ ಪಕ್ಕದ ಅಂಗಡಿಯ ಟೈಲರ್.

“ಕೈ ಚೆನ್ನಾಗೇ ಇದೆ. ಚೆಂಡು ಬಂದಾಗ ರಜೆ ಮೇಲೆ ಹೋಗಿರುತ್ತೆ, ಅಷ್ಟೆ,” ಎಂದ ಬಸ್ ಡ್ರೈವರ್. “ಹುಟ್ಟಿದಾಗ ನರ್ಸಮ್ಮ ಹಿಡ್ಕೊಂಡಿದ್ದಕ್ಕೆ ಉಳ್ಕೊಂಡ. ಇವನಂಥೋನ ಕೈಗೆ ಸಿಕ್ಕಿದ್ರೆ ಅವತ್ತೇ ನೆಲಕ್ಕೆ.”

ಎಲ್ಲರೂ ನಕ್ಕರು. ನೀವೂ ನಕ್ಕಿರಿ. ಹುಡುಗ ಬೋರ್ಡಿನ ಕೊನೆಯ ಸಾಲನ್ನು ತಡವರಿಸದೆ ಓದಿದ. ಅದರ ಕೆಳಗೆ ಮೂಲೆಯಲ್ಲಿ, ನನಗೇ ಕಾಣದಷ್ಟು ಸಣ್ಣಕ್ಷರದಲ್ಲಿದ್ದ ಮುದ್ರಣಾಲಯದ ಹೆಸರನ್ನೂ ಓದಿದ. “ಅಕ್ಷರ ಎಲ್ಲ ಹಿಡೀತಾನೆ ನೋಡು, ಅವು ಅಲ್ಲಾಡಲ್ವಲ್ಲ,” ಎಂದ ಡ್ರೈವರ್.

ಆಗ ಹುಡುಗ ಮೊದಲ ಸಲ ತನ್ನ ಮಾತು ಆಡಿದ. “ಕಣ್ಣು ಕಾಣತ್ತೆ ಸರ್. ಕ್ಯಾಪ್ಟನ್ ಏನು ಹೇಳ್ತಾರೆ ಅಂತ ಗೊತ್ತಾಗಲ್ಲ. ‘ನಾನ್ ಹೊಡೀತೀನಿ ಬಿಡು’ ಅಂದ್ರೂ ಬಿಡು, ‘ನೀನೇ ಹಿಡ್ಕೋ ಬಿಡು’ ಅಂದ್ರೂ ಬಿಡು. ಆ ಗಲಾಟೆಯಲ್ಲಿ ನನಗೆ ಕೇಳ್ಸೋದು ಕೊನೇ ಮಾತೊಂದೇ. ನಾನು ಬಿಡ್ತೀನಿ.”

ನಾವೆಲ್ಲ ಆ ಗೋಲುಗಳನ್ನು ನೋಡಿದವರೇ. ಕ್ಯಾಪ್ಟನ್ ಒಂದು ಕಡೆ, ಹುಡುಗ ಒಂದು ಕಡೆ, ಇಬ್ಬರ ನಡುವೆ ಚೆಂಡು ನೆಂಟರ ಮನೆಗೆ ಬಂದ ಹಾಗೆ ನಿಧಾನವಾಗಿ ಒಳಗೆ. ನಾಯಕನಿಗೆ ಬಾಯಿ ತೆರೆದರೆ ಕೊನೆಗೊಂದು ‘ಬಿಡು’ ಸೇರಿಸುವ ಚಾಳಿ ಇದೆಯೆಂದು ಅವನೊಂದಿಗೆ ಟೀ ಕುಡಿದವರಿಗೆಲ್ಲ ಗೊತ್ತು. ನಿಮಗೆ ಇನ್ನೂ ಚೆನ್ನಾಗಿ ಗೊತ್ತು, ಅವನು ನಿಮ್ಮ ಅಳಿಯ. ನೀವು ಹುಡುಗನ ಬೆನ್ನು ತಟ್ಟಿ ಹೇಳಿದ್ದು ಇದು: “ಎಲ್ಲರೂ ಮಾತಾಡೋದೇ ಹಾಗಲ್ವೇನೋ. ಹೋಗ್ಲಿ ಬಿಡು.”

ನಿಮ್ಮ ಕಷ್ಟ ನನಗೆ ಅರ್ಥವಾಗುತ್ತದೆ. ಹುಡುಗನಿಗೆ ಆಟ ಬರುವುದಿಲ್ಲವೆಂದರೆ, ಹಾರ ಹಾಕಿ ಅವನನ್ನು ತಂಡಕ್ಕೆ ಕರೆತಂದ ನಿಮ್ಮ ಬುದ್ಧಿಗೆ ಕುಂದು. ತಪ್ಪು ಅಳಿಯಂದಿರ ನಾಲಿಗೆಯದೆಂದರೆ, ಮನೆಯಲ್ಲಿ ನಿಮ್ಮ ಊಟಕ್ಕೆ ಸಂಚಕಾರ. ಕಣ್ಣು ಬಹಳ ಅನುಕೂಲ. ಅದಕ್ಕೆ ಮಾವನಿಲ್ಲ, ಅದು ಸಂಘದ ಚುನಾವಣೆಯಲ್ಲಿ ಮತ ಹಾಕುವುದಿಲ್ಲ. ಇಷ್ಟು ಸೊಗಸಾಗಿ ಯೋಚಿಸುವ ತಲೆ ನಿಮಗಿದ್ದೂ ನಮ್ಮ ತಂಡ ಪಟ್ಟಿಯ ತಳದಲ್ಲಿರುವುದು ಹೇಗೆ ಎಂಬುದೇ ಆಶ್ಚರ್ಯ.

ಆಮೇಲಿನದನ್ನು ನೀವು ನೋಡಿಲ್ಲ, ಕೇಳಿ. ಪಕ್ಕದ ಊರಿನ ತಂಡ ಬರುವ ತಿಂಗಳು ಆಯ್ಕೆಗೆ ಬಾ ಎಂದು ಅವನನ್ನು ಕರೆದಿತ್ತು. ಕರೆ ವಾಪಸಾಗಿದೆ. ಕಣ್ಣು ಸರಿಯಿದೆಯೆಂದು ಹೇಳಲು ನಾನೇ ಫೋನು ಮಾಡಿದೆ. “ಕಾರ್ಯದರ್ಶಿನೇ ಮೈಕಲ್ಲಿ ಹೇಳಿದ್ಮೇಲೆ ನಿಮ್ಮ ಮಾತು ಯಾಕ್ರೀ ಕೇಳ್ಬೇಕು? ಕಣ್ಣಿಲ್ಲದೋನ್ನ ಗೋಲಿಗೆ ನಿಲ್ಸೋಕೆ ನಮ್ಗೇನು ಹುಚ್ಚಾ?” ಎಂದರು. ಬೀದಿಯಲ್ಲಿ ಹುಡುಗರು ಅವನ ಕೈ ಹಿಡಿದು ರಸ್ತೆ ದಾಟಿಸುತ್ತಾರೆ, ಬೇಡವೆಂದರೂ ಬಿಡುವುದಿಲ್ಲ. ಅವನು ಸುಮ್ಮನೆ ದಾಟುತ್ತಾನೆ.

ಮೊನ್ನೆ ಅವನ ತಾಯಿ ಅಂಗಡಿಗೆ ಬಂದಿದ್ದರು. “ನಿಜ ಹೇಳಿ ಅಣ್ಣ, ನನ್ನ ಮಗನ ಕಣ್ಣು ಹೋಗ್ತಿದ್ಯಾ?” ಎಂದರು. ಇಲ್ಲಮ್ಮ ಎಂದೆ. “ನಾನು ಅತ್ತುಬಿಡ್ತೀನಿ ಅಂತ ಮುಚ್ಚಿಡ್ಬೇಡಿ. ಅಷ್ಟು ದೊಡ್ಡೋರು ಸುಳ್ಳು ಹೇಳ್ತಾರಾ?” ಎಂದರು. ಅವನ ಕೋಣೆಗೆ ದೊಡ್ಡ ಬಲ್ಬು ಹಾಕಿಸಿದ್ದಾರಂತೆ, ಸಂಜೆಯ ಮೇಲೆ ಹೊರಗೆ ಬಿಡುವುದಿಲ್ಲವಂತೆ. ಅಷ್ಟು ದೊಡ್ಡವರು ಸುಳ್ಳು ಹೇಳುತ್ತಾರೆ ಎಂದು ಆ ತಾಯಿಗೆ ಒಪ್ಪಿಸಲು ನನ್ನಿಂದಾಗಲಿಲ್ಲ. ನನಗೆ ಹೊಟ್ಟೆ ಉರಿಯುತ್ತಿರುವುದು ಅದಕ್ಕೇ.

ಈಗ ಬೇಡಿಕೆ. ಬರುವ ಭಾನುವಾರ, ಅದೇ ವಿರಾಮದಲ್ಲಿ, ಅದೇ ಮೈಕಿನಲ್ಲಿ, ಅವನ ಕಣ್ಣಿಗೆ ಏನೂ ಆಗಿಲ್ಲವೆಂದು ಹೇಳಿ. ಅವನನ್ನು ಮತ್ತೆ ಆಡಿಸಿ ಎಂದು ನಾನು ಕೇಳುತ್ತಿಲ್ಲ. ನನ್ನ ಟಿಕೆಟ್ಟಿನ ಮೇಲೆ ನನಗೂ ಮಮತೆಯಿದೆ. ಏನೆಂದು ಬರೆಯಲಿ ಎಂದು, ಮೊನ್ನೆ ತಾಯಿಯ ಹಿಂದೆ ಬಾಗಿಲಲ್ಲಿ ನಿಂತಿದ್ದ ಹುಡುಗನನ್ನೇ ಕೇಳಿದೆ. ಅವನು ಹೇಳಿದ್ದನ್ನು ಇದ್ದಂತೆಯೇ ನಿಮ್ಮ ಮುಂದಿಡುತ್ತೇನೆ.

“ಆಟ ಬರಲ್ಲ ಅಂತ ತೆಗೆದ್ವಿ ಅನ್ನಲಿ ಸರ್. ಅದನ್ನಾದ್ರೆ ನಾನು ಆಡಿ ಸುಳ್ಳು ಮಾಡ್ಬಹುದು.”

ಇಂತಿ,
ತನ್ನದೇ ಅಂಗಡಿಯಲ್ಲಿ ತನ್ನ ಮಾತಿಗೆ ಬೆಲೆ ಕಳೆದುಕೊಂಡ
ಮೈದಾನದೆದುರಿನ ಕನ್ನಡಕದವನು