ಭುಜದ ಹೊಲಿಗೆ

ಮಾರ್ಚ್ 3, ಸೋಮವಾರ

ಇಂದೂ ಗೇಟಿನದೇ ಕೆಲಸ. ಕೀಲುಗಳ ವೆಲ್ಡಿಂಗ್ ಮುಗಿಯಿತು. ಮೇಸ್ತ್ರಿ ಸುತ್ತಿಗೆಯಿಂದ ಬಡಿದು ನೋಡಿದ, ಏನೂ ಅನ್ನದೆ ಹೋದ. ಅವನ ಬಾಯಲ್ಲಿ ಅದೇ ಶಭಾಷ್.

ಮನೆಗೆ ಬಂದರೆ ಮಗಳು ಬಾಗಿಲಲ್ಲೇ ನಿಂತಿದ್ದಳು. ಕೈಯಲ್ಲಿ ಬಿಳಿ ಜೂಡೊ ಜಾಕೆಟ್ಟು. ಬಲಭುಜದಲ್ಲಿ ತೋಳು ಅರ್ಧ ಕಿತ್ತು ಬಂದಿದೆ. ಪ್ರಾಕ್ಟೀಸಿನಲ್ಲಿ ಎದುರಾಳಿ ಹಿಡಿದು ಎಳೆದಳಂತೆ. ಭಾನುವಾರ ಟೂರ್ನಮೆಂಟು — ಅವಳ ಮೊದಲನೆಯದು.

"ಅಮ್ಮ ಇದ್ದಿದ್ರೆ ಹೊಲಿದುಕೊಡ್ತಿದ್ಲು," ಅಂದಳು.

ನನ್ನ ಹೆಂಡತಿ ತನ್ನ ತಂಗಿಯ ಹೆರಿಗೆಗೆಂದು ಹೋದವಳು, ಬರುವುದು ಮುಂದಿನ ವಾರ. ಮೂಲೆಯಂಗಡಿಯ ಟೈಲರು ಇಷ್ಟು ದಪ್ಪ ಬಟ್ಟೆ ನನ್ನ ಕೈಲಾಗದು ಎಂದು ವಾಪಸ್ ಕಳಿಸಿದನಂತೆ.

"ನಾನಿಲ್ವಾ?" ಅಂದೆ.

ಹದಿನಾರು ವರ್ಷದ ಹುಡುಗಿ ನೋಡಿದ ನೋಟ... ಇರಲಿ. ಎರಡು ಅಂಚು ಸೇರಿಸುವುದು ನನ್ನ ಕಸುಬು. ತಗಡಾದರೇನು, ಬಟ್ಟೆಯಾದರೇನು.

ಮಾರ್ಚ್ 4, ಮಂಗಳವಾರ

ಹೆಂಡತಿಯ ಫೋನ್. ಕೂಸಿನ ಮೂಗು, ಕೂಸಿನ ನಿದ್ದೆ, ಎಲ್ಲ ಆದಮೇಲೆ: "ರೀ, ನನ್ನ ಹೊಲಿಗೆ ಮೆಷಿನ್ ಮುಟ್ಟೀರಾ ಮತ್ತೆ!"

"ಛೇ, ನಾನ್ಯಾಕೆ ಮುಟ್ಲಿ." ಹಾಗೆ ಹೇಳುವಾಗ ಕಾಲು ಪೆಡಲಿನ ಮೇಲೆಯೇ ಇತ್ತು.

ಮೊದಲ ಸೂಜಿ ಟಕ್ ಎಂದು ಮುರಿಯಿತು. ಎರಡನೆಯದೂ. ಎಣ್ಣೆ ಬಿಟ್ಟೆ — ಸ್ವಲ್ಪ ಹೆಚ್ಚೇ ಆಯಿತು, ಜಾಕೆಟ್ಟಿನ ಮೇಲೂ ಬಿತ್ತು. ಮೂರನೆಯ ಸೂಜಿ ಹಠ ಬಿಡಲಿಲ್ಲ. ಗೆರೆ ಎಳೆದ ಹಾಗೆ ನೇರ ಹೊಲಿಗೆ! ಮಗಳನ್ನು ಕೂಗಿ ಕರೆದೆ.

ತೊಟ್ಟುಕೊಂಡಳು. ಎಡಗೈ ಸಲೀಸಾಗಿ ಹೋಯಿತು. ಬಲಗೈ ಭುಜದ ಹತ್ತಿರವೇ ನಿಂತಿತು.

"ಅಪ್ಪಾ... ಕೈ ಎಲ್ಲಿಂದ ತೂರಿಸ್ಲಿ?"

ತೋಳಿನ ಬಾಯನ್ನೇ ಮುಚ್ಚಿ ಹೊಲಿದಿದ್ದೆ.

ಆದರೂ ಹೊಲಿಗೆ ನೇರವಾಗಿತ್ತು. ಅದನ್ನು ಅವಳೂ ಒಪ್ಪಿದಳು.

ಮಾರ್ಚ್ 5, ಬುಧವಾರ

ಬ್ಲೇಡಿನಿಂದ ಹೊಲಿಗೆ ಬಿಚ್ಚಲು ಕೂತೆ. ಬ್ಲೇಡು ಜಾರಿತು. ಹೊಲಿಗೆಯ ಜೊತೆ ಬಟ್ಟೆಯೂ ಬಂತು. ಈಗ ಮುಷ್ಟಿ ತೂರುವಷ್ಟು ತೂತು.

ಹೆದರಲಿಲ್ಲ. ತಗಡು ತೂತಾದರೆ ತೇಪೆ ಹಾಕುವುದಿಲ್ಲವೇ? ಹಳೆಯ ಕುರ್ಚಿಯ ಕೆಂಪು ಗವಸು ಅಟ್ಟದಲ್ಲಿತ್ತು. ಗಟ್ಟಿ ಬಟ್ಟೆ. ಒಳಗಡೆಯಿಂದ ಕೊಟ್ಟರೆ ಅಷ್ಟಾಗಿ ಕಾಣದು. ಟಾರ್ಪಾಲು ಹೊಲಿಯುವ ದಬ್ಬಳವನ್ನು ಶೆಡ್ಡಿನಿಂದ ತಂದೆ. ಈ ಸಲ ಮೆಷಿನ್ನಿನ ಗೊಡವೆಯೇ ಬೇಡ ಎಂದು ತೇಪೆ, ತೋಳು ಎರಡನ್ನೂ ಕೈಯಲ್ಲೇ ಹೊಲಿದೆ. ಎರಡೆಳೆ ದಾರ, ಸುತ್ತ ಮೂರು ಸಾಲು. ಬೆರಳು ಚುಚ್ಚಿ ಚುಚ್ಚಿ ಜರಡಿಯಾಯಿತು. ಜಾಕೆಟ್ಟಿಗೆ ರಕ್ತ, ನಿನ್ನೆಯ ಎಣ್ಣೆ, ನನ್ನ ಹೆಬ್ಬೆಟ್ಟಿನ ಮಸಿ...

ಕಾಲಲ್ಲಿ ಮೆಟ್ಟಿ ಎರಡೂ ಕೈಯಲ್ಲಿ ಎಳೆದು ನೋಡಿದೆ. ಜಪ್ಪಯ್ಯ ಅಂದರೂ ಅಲುಗಲಿಲ್ಲ. ಎಷ್ಟೋ ಗೇಟು ಮಾಡಿದ್ದೇನೆ, ಇಷ್ಟು ಹೆಮ್ಮೆ ಆದದ್ದಿಲ್ಲ. ಇನ್ನು ಒಗೆದರೆ ಮುಗಿಯಿತು.

ಮಾರ್ಚ್ 7, ಶುಕ್ರವಾರ

ನಿನ್ನೆ ಬರೆಯಲಿಲ್ಲ. ಮನಸ್ಸಾಗಲಿಲ್ಲ.

ಕಲೆ ಹೋಗಲಿ ಎಂದು ಕುದಿನೀರಿನಲ್ಲಿ ಸೋಪಿನಪುಡಿ ಹಾಕಿ ನೆನೆಸಿದ್ದೆ. ನಿನ್ನೆ ಮುಚ್ಚಳ ತೆಗೆದರೆ ಬಕೆಟ್ಟಿನಲ್ಲಿ ಕೆಂಪು ನೀರು. ಕುರ್ಚಿಯ ಗವಸು ಇಷ್ಟು ವರ್ಷ ಬಚ್ಚಿಟ್ಟುಕೊಂಡಿದ್ದ ಬಣ್ಣವನ್ನೆಲ್ಲ ಒಂದೇ ಸಲ ಕಕ್ಕಿತ್ತು. ಜಾಕೆಟ್ಟು ಗುಲಾಬಿ. ಗಾಬರಿಯಲ್ಲಿ ಬ್ಲೀಚ್ ಸುರಿದೆ — ಅಲ್ಲಲ್ಲಿ ಬಿಳಿ ಮಚ್ಚೆ. ನೊರೆಯ ಮೇಲೆ ಕಾಲು ಜಾರಿತು, ಬಕೆಟ್ಟು ಮಗುಚಿತು. ನನ್ನ ಬನಿಯನ್ನೂ ಗುಲಾಬಿ, ಬಚ್ಚಲಿನ ಬಾಗಿಲೂ ಗುಲಾಬಿ.

ಮಗಳು ಬಂದು ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು. "ನಾನು ಹೋಗಲ್ಲ," ಅಂದಳು, ಅಷ್ಟೇ. ಕೋಣೆಯ ಬಾಗಿಲು ಹಾಕಿಕೊಂಡಳು.

ಇಂದು ಊಟದ ಬಿಡುವಿನಲ್ಲಿ ಕೋಚ್ ಮೇಡಂಗೆ ಫೋನ್ ಮಾಡಿದೆ. ಯಾರದಾದರೂ ಜಾಕೆಟ್ಟು ಸಿಗಬಹುದೇ?

"ಅವಳ ಅಳತೆದು ಒಂದೂ ಇಲ್ಲ. ಗಟ್ಟಿ ಇದೆಯಾ ನಿಮ್ಮದು?"

"ಗಟ್ಟಿ ಇದೆ ಮೇಡಂ."

"ಮತ್ತೇನು? ಅದನ್ನೇ ಹಾಕ್ಕೊಂಡು ಬರ್ಲಿ. ಬಣ್ಣದ ವಿಷಯ ನಾನು ನೋಡ್ಕೋತೀನಿ."

ಸಂಜೆ ಮಗಳ ಕೋಣೆಯ ಬಾಗಿಲಾಚೆ ನಿಂತು ಇದನ್ನೆಲ್ಲ ಹೇಳಿದೆ. ಜಾಕೆಟ್ಟನ್ನು ಒಣಗಿಸಿ, ಮಡಿಸಿ, ಹೊಸ್ತಿಲಲ್ಲಿ ಇಟ್ಟೆ.

ಮಾರ್ಚ್ 8, ಶನಿವಾರ, ಸಂಜೆ

ಕೆಲಸದಿಂದ ಬಂದು ಶೂ ಬಿಚ್ಚುತ್ತಿದ್ದೆ. ಕೋಣೆಯ ಬಾಗಿಲು ತೆರೆಯಿತು. ಗುಲಾಬಿ ಜಾಕೆಟ್ಟು ತೊಟ್ಟು, ಬೆಲ್ಟು ಬಿಗಿದು ನಿಂತಿದ್ದಾಳೆ. ಹಿಂದೆ ನೆಲದ ಮೇಲೆ ಎರಡು ಹಾಸಿಗೆ.

"ಬಾ ಅಪ್ಪ. ಭುಜ ಹಿಡಿದು ಎಳಿ."

"ಬೇಡ ಕಣೇ, ನನ್ನ ಕೈ ಒರಟು..."

"ಎಳಿ ಅಂದೆ!"

ಎಳೆದೆ. "ಇನ್ನೂ ಜೋರಾಗಿ." ಎಳೆದೆ. "ಗೇಟು ಎತ್ತಲ್ವಾ, ಹಾಗೆ!" ಪೂರ್ತಿ ಬಲ ಹಾಕಿದೆ — ಅವಳು ತಿರುಗಿದ್ದು ಗೊತ್ತಾಗಲಿಲ್ಲ. ನೆಲ ಎಲ್ಲಿ ಹೋಯಿತೋ. ನನ್ನ ಎಂಬತ್ತಾರು ಕೆಜಿ ಅವಳ ಬೆನ್ನ ಮೇಲಿಂದ ಹಾರಿ ಧೊಪ್ಪನೆ ಹಾಸಿಗೆಗೆ ಬಿತ್ತು.

ಕೆಳಗಿನ ಮನೆಯಜ್ಜಿ ಕೋಲಿನಿಂದ ಚಾವಣಿ ಕುಟ್ಟಿದರು.

ಮಗಳು ನನ್ನ ಮುಖ ನೋಡಲೇ ಇಲ್ಲ. ಮೊದಲು ಭುಜದ ಹೊಲಿಗೆಯನ್ನು ಬೆರಳಲ್ಲಿ ತಡವಿದಳು. ಆಮೇಲೆ, "ಪೆಟ್ಟಾಯ್ತಾ?"

ಸೊಂಟ ಹೋಗಿದೆ. "ಇಲ್ಲ," ಅಂದೆ. ಮಲಗಿದಲ್ಲೇ ಹಲ್ಲು ಕಿರಿಯುತ್ತಿದ್ದೆ ಅನಿಸುತ್ತದೆ. ಮಗಳು ಹೀಗೆ ಎತ್ತಿ ಒಗೆಯಬಲ್ಲಳು ಎಂದು ನನಗೇ ಗೊತ್ತಿರಲಿಲ್ಲ!

"ಬೆಳಗ್ಗೆ ಬೇಗ ಹೊರಡ್ಬೇಕು," ಅಂದಳು.

ಮಾರ್ಚ್ 9, ಭಾನುವಾರ

ಹಾಲ್ ತುಂಬ ಬಿಳಿ, ನೀಲಿ ಜಾಕೆಟ್ಟು, ಜೂಡೊಗೆ ಅವೆರಡೇ ಬಣ್ಣ. ನಡುವೆ ನನ್ನ ಮಗಳು. ಗ್ಯಾಲರಿಯಲ್ಲಿ ಕಿಸಕ್ಕನೆ ನಗು. ಅವಳು ತಲೆ ತಗ್ಗಿಸಲಿಲ್ಲ.

ಜಾಕೆಟ್ಟು ಪರೀಕ್ಷಿಸುವವರು ತಡೆದರು. "ಇದು ಬಿಳಿ ಅಲ್ಲ."

"ನೀಲಿನೂ ಅಲ್ವಲ್ಲ ಸಾರ್," ಅಂದರು ಕೋಚ್ ಮೇಡಂ. "ಒಗೆಯೋವಾಗ ಆಗಿದ್ದು. ಗಟ್ಟಿ ಇದೆಯಾ ನೋಡಿ, ಅಷ್ಟೇ ತಾನೇ?"

ಅವರು ತೋಳನ್ನು ಎಳೆದರು. ಮತ್ತೆ ಎಳೆದರು. "ಯಾರು ಹೊಲಿದಿದ್ದು?" ಎಂದು ಕೇಳಿದರು. ನಾನು ಮುಂದೆ ಬರುವಷ್ಟರಲ್ಲಿ, "ಸರಿ ಹೋಗಮ್ಮ, ಇದೊಂದ್ ಸಲ," ಅಂದುಬಿಟ್ಟರು.

ಮೊದಲ ಪಂದ್ಯ ಗೆದ್ದಳು. ಎರಡನೆಯದೂ — ನನ್ನನ್ನು ಎತ್ತಿದಂತೆಯೇ ಎತ್ತಿದಳು! ನಕ್ಕವರೇ ಆಗ "ಪಿಂಕ್, ಪಿಂಕ್" ಎಂದು ಕೂಗತೊಡಗಿದರು. ನಾನೂ ಕೂಗಿದೆ. ಗಂಟಲು ಕಟ್ಟಿದೆ.

ಫೈನಲ್ ಸೋತಳು. ಎದುರಾಳಿ ಹುಡುಗಿ ಉದ್ದ, ಗಟ್ಟಿ, ಚೆನ್ನಾಗಿಯೇ ಆಡಿದಳು. ಮತ್ತೆ ಮತ್ತೆ ಆ ಬಲಭುಜಕ್ಕೇ ಕೈ ಹಾಕುತ್ತಿದ್ದಳು. ಜಾಕೆಟ್ಟು ಕೊನೆಗೆ ಬೆನ್ನಿನಲ್ಲಿ ಹರಿಯಿತು, ಪರ್ರನೆ. ಭುಜ ಹಾಗೇ ಇತ್ತು.

ಬಸ್ಸಿನಲ್ಲಿ ಬೆಳ್ಳಿಪದಕವನ್ನು ಮುಷ್ಟಿಯಲ್ಲಿ ಹಿಡಿದು ಕಿಟಕಿಯ ಕಡೆ ತಿರುಗಿ ಕೂತಿದ್ದಳು. ಸಮಾಧಾನ ಹೇಳಲು ನನಗೆ ಬರುವುದಿಲ್ಲ. ಕೊನೆಗೆ ಅವಳೇ ಹೇಳಿದಳು:

"ಅವಳು ಭುಜ ಹಿಡಿದಾಗೆಲ್ಲ ನಂಗೆ ಭಯ ಆಗ್ಲಿಲ್ಲ ಅಪ್ಪ. ಅಲ್ಲಿ ಹರಿಯಲ್ಲ ಅಂತ ಗೊತ್ತಿತ್ತು."

ಸ್ಟಾಪು ಬರುವವರೆಗೂ ನಾನೇ ಕಿಟಕಿ ನೋಡುತ್ತ ಕೂರಬೇಕಾಯಿತು.

ಮಾರ್ಚ್ 12, ಬುಧವಾರ

ಹೆಂಡತಿ ಮಧ್ಯಾಹ್ನ ಬಂದಳು. ಬಂದವಳೇ ಬಚ್ಚಲಿನ ಬಾಗಿಲು ನೋಡಿದಳು, ಮೆಷಿನ್ ನೋಡಿದಳು, ನನ್ನನ್ನು ನೋಡಿದಳು. ಬೈಗುಳ ಸರಿಯಾಗಿ ಶುರುವಾಗುವ ಮೊದಲೇ ಮಗಳು ಕೈ ಹಿಡಿದು ಒಳಗೆ ಎಳೆದುಕೊಂಡು ಹೋದಳು.

ಈಗ ಪಕ್ಕದ ಕೋಣೆಯಲ್ಲಿ ಕತೆ ನಡೆದಿದೆ. ಗೋಡೆ ತೆಳು, ಎಲ್ಲ ಕೇಳುತ್ತದೆ. ತೋಳು ಮುಚ್ಚಿದ್ದಕ್ಕೆ ಇವಳು ನಕ್ಕು ನಕ್ಕು ಕೆಮ್ಮಿದಳು. ಬಕೆಟ್ಟು ಮಗುಚಿದ್ದನ್ನು ಮಗಳು ಇದ್ದದ್ದಕ್ಕಿಂತ ದೊಡ್ಡದು ಮಾಡಿ ಹೇಳಿದಳು, ಹೇಳಲಿ. ಹಾಲ್ ಆಯಿತು. ಫೈನಲ್ ಆಯಿತು. ಇವಳ ನಗು ನಿಂತಿದೆ. ಕತೆಯಲ್ಲಿ ಈಗ ಬಸ್ಸು ಹತ್ತಿದ್ದೇವೆ. ಆ ಭುಜದ ಮಾತು ಹೇಳುತ್ತಾಳೋ ಇಲ್ಲವೋ... ಪೆನ್ನಿನ ಸದ್ದಿಗೆ ಸರಿಯಾಗಿ ಕೇಳಿಸುತ್ತಿಲ್ಲ, ಸ್ವಲ್ಪ—