ಇಪ್ಪತ್ತೈದನೇ ರೋಜಾದ ಸೈರನ್

ಮಾರ್ಚ್ 13, ಶುಕ್ರವಾರ

ರಂಜಾನಿನ ಇಪ್ಪತ್ಮೂರನೇ ರೋಜಾ, ಹೊತ್ತು ಮುಳುಗುವವರೆಗೆ ಹನಿ ನೀರೂ ಇಲ್ಲದ ಉಪವಾಸ. ನಾಲಿಗೆ ಅಂಗುಳಕ್ಕೆ ಅಂಟುತ್ತಿದೆ. ನಾನು ತೂಕ ಬರೆಯುವ ವೇಬ್ರಿಡ್ಜ್‌ನಲ್ಲಿ ಅದಿರು ಲಾರಿಗಳ ಸಾಲು ಗೇಟಿನಾಚೆವರೆಗೆ. ಸಂಡೂರು ಕಡೆಯ ಡ್ರೈವರ್ ಒಬ್ಬ 'ಐವತ್ತು ಕೆಜಿ ಆಕಡಿ ಈಕಡಿ ನೋಡಬ್ಯಾಡ್ರಿ ಸಾಬ್ರ' ಅಂದ. ನೋಡಿದೆ. ತೂಕದ ವಿಷಯದಲ್ಲಿ ನಾನು ಅಪ್ಪನ ಮಾತೂ ಕೇಳುವವನಲ್ಲ.

ಐದಕ್ಕೆ ಬಿಟ್ಟು ಬೈಕ್ ಹತ್ತಿ ಸೀದಾ ನಮ್ಮ ಗಾದಿಗನೂರು ಮಸೀದಿಗೆ. ಸೈರನ್ ಡ್ಯೂಟಿ ನನ್ನದು, ಮೂರು ವರ್ಷದಿಂದ. ಗೋಡೆಯ ಮೇಲೆ ಟೈಮಿನ ಕಾರ್ಡು, ಪಕ್ಕದಲ್ಲಿ ಸ್ವಿಚ್ಚು. ಹೊತ್ತು ಮುಳುಗುವ ನಿಮಿಷಕ್ಕೆ ಸರಿಯಾಗಿ ಒತ್ತಬೇಕು. ಆಮೇಲೆಯೇ ನಮ್ಮ ಓಣಿಯವರೆಲ್ಲ ಖರ್ಜೂರ ಬಾಯಿಗಿಡುವುದು. ಸೈರನ್ ಆದಮೇಲೆ ಗಡಿಯಾರ ನೋಡುವವರು ಯಾರೂ ಇಲ್ಲ. ಇಮಾಮರು — ಹಜರತ್ ಅನ್ನುತ್ತೇವೆ — ಕೊನೆಯ ಹತ್ತು ದಿನ ಮಸೀದಿಯ ಮೂಲೆಯಲ್ಲಿ ಪರದೆ ಕಟ್ಟಿಕೊಂಡು ಏತಕಾಫ್ ಕೂತಿದ್ದಾರೆ. ಹಬ್ಬದ ಚಂದ್ರ ಕಾಣುವವರೆಗೆ ಹೊರಗೆ ಬರುವಂತಿಲ್ಲ. ಅವರೂ ನನ್ನ ಸೈರನ್‌ಗೇ ಕಾಯುತ್ತಾರೆ.

ಭಾನುವಾರ ಮಗಳು ಅಲ್ಫಿಯಾಳ ಮೊದಲ ರೋಜಾ. ಎಂಟು ವರ್ಷ. ಆ ವಯಸ್ಸಿಗೆ ಇರಲೇಬೇಕೆಂದೇನಿಲ್ಲ, ಅವಳದೇ ಹಠ. ಕಂಪ್ಲಿಯಿಂದ ಮಾವನ ಮನೆಯವರು ಬರುತ್ತಾರೆ. ಹೂವಿನ ಹಾರ, ಫೋಟೋ, ಬಿರಿಯಾನಿ. ಹೆಂಡತಿ ಖಾಜಾಬನಿ ಹಬ್ಬದ ಶಾವಿಗೆಯನ್ನೂ ಮರೆತು ಇದೇ ಗುಂಗಿನಲ್ಲಿದ್ದಾಳೆ. ನಾನೇನು ಕಡಿಮೆ? ಅರ್ಧ ಊರಿಗೆ ಹೇಳಿಬಂದಿದ್ದೇನೆ.

ಮಾರ್ಚ್ 15, ಭಾನುವಾರ

ಅಲ್ಫಿಯಾ ಪೂರ್ತಿ ದಿನ ರೋಜಾ ಇದ್ದಳು. 6.34ಕ್ಕೆ ಸೈರನ್ ಒತ್ತಿ ಮನೆಗೆ ಬಂದೆ. ಹಾರ ಹಾಕಿಸಿಕೊಂಡು ರಾಣಿ ಹಾಗೆ ಕೂತಿದ್ದಳು. ಫೋಟೋ ಚೆನ್ನಾಗಿ ಬಂದಿವೆ.

ಪಕ್ಕದ ಮನೆ ಪೀರಾಂಬಿ ಅಜ್ಜಿಯೂ ಇವತ್ತು ರೋಜಾ ಇದ್ದರು. ಎಪ್ಪತ್ತೆರಡು ವರ್ಷ, ಶುಗರ್, ಡಾಕ್ಟರ್ ಬೇಡವೇ ಬೇಡ ಅಂದಿದ್ದಾರೆ. 'ಕೂಸು ಇರತೈತಿ, ನಾನೂ ಒಂದು ಇರತೀನಿ. ಈ ವರ್ಷ ನನ್ನ ಪಾಲಿಗೆ ಇದೊಂದಾ' ಅಂದರಂತೆ. ಇಬ್ಬರೂ ಎದುರುಬದುರು ಕೂತು ರೋಜಾ ಬಿಟ್ಟರಂತೆ.

ಇಡೀ ದಿನ ಮೋಡ. ಸೆಕೆ. ಒಳ್ಳೆಯ ದಿನ.

ಮಾರ್ಚ್ 16, ಸೋಮವಾರ, ಮಧ್ಯಾಹ್ನ, ವೇಬ್ರಿಡ್ಜ್

ನಿನ್ನೆ ಬರೆದದ್ದು ಸುಳ್ಳು. 6.34 ಅಲ್ಲ. 6.30.

ಯಾರೂ ಓದದ ಪುಸ್ತಕಕ್ಕೂ ಸುಳ್ಳು ಬರೆದೆನಲ್ಲ… ಥೂ.

ಆದದ್ದು ಇಷ್ಟು. 6.28ಕ್ಕೆ ಖಾಜಾಬನಿ ಫೋನ್ ಮಾಡಿದಳು. ಕೈಗೆ ಹಿಟ್ಟು, ಸ್ಪೀಕರ್‌ಗೆ ಹಾಕಿದ್ದಳು. ಅಲ್ಫಿಯಾ ಅಳುವುದು ಕೇಳಿಸುತ್ತಿತ್ತು. 'ಭಾಳ ಸುಸ್ತಾಗ್ಯಾಳ್ರಿ. ನೀರು ನೀರು ಅಂತಾಳ. ಇನ್ನೂ ಎಷ್ಟೊತ್ತು?' ನಾನಂದೆ, 'ಅಳಬ್ಯಾಡ ಅನ್ನು. ಈಗ ಒತ್ತಿಬಿಡ್ತೀನಿ.' ಕಾರ್ಡು ನೋಡಿದೆ, 6.34. ಗಡಿಯಾರ ನೋಡಿದೆ. ಆಕಾಶ ನೋಡಿದೆ, ಮೋಡ. ಒತ್ತಿದೆ.

'ಒಂದು ಲೋಟ ನೀರು ಕೊಡು' ಅನ್ನಬಹುದಿತ್ತು. ಮಗು, ಕುಡಿದರೆ ತಪ್ಪೇನಿಲ್ಲ. ಅನ್ನಲಿಲ್ಲ. ಹಾರ ತಂದಾಗಿತ್ತು. ಕಂಪ್ಲಿಯವರು ಮೊಬೈಲ್ ಹಿಡಿದು ನಿಂತಿದ್ದರು. ಹೊನ್ನೂರಸಾಬನ ಮಗಳು ಪೂರಾ ರೋಜಾ ಇದ್ದಳು ಅನ್ನಿಸಿಕೊಳ್ಳಬೇಕಿತ್ತು, ನನಗೆ. ಮಗಳಿಗೆ ನೀರು ಕೊಡುವ ಬದಲು ಇಡೀ ಓಣಿಗೆ ಹೊತ್ತು ಮುಳುಗಿಸಿದೆ.

ಹೊತ್ತು ಮುಳುಗುವ ಮೊದಲು ಒಂದು ಗುಟುಕು ಒಳಗೆ ಹೋದರೂ ಆ ರೋಜಾ ಆದಂತಲ್ಲ. ತಿಳಿಯದೆ ಬಿಟ್ಟವರಿಗೆ ಪಾಪವಿಲ್ಲ, ಆದರೆ ಹಬ್ಬ ಕಳೆದ ಮೇಲೆ ಇನ್ನೊಂದು ಇದ್ದು ತೀರಿಸಬೇಕು. ತೀರಿಸಬೇಕು ಅಂತ ಅವರಿಗೆ ಗೊತ್ತಾಗಬೇಕಲ್ಲ. ಹೇಳಬೇಕಾದವನು ನಾನು. 

ಮಾರ್ಚ್ 17, ಮಂಗಳವಾರ

ಹಬ್ಬದ ಶಾವಿಗೆ ಪಾಯಸ ಸುರಕುಂಬಾಕ್ಕೆ ಗೋಡಂಬಿ, ಚಾರೋಳಿ, ಉತ್ತುತ್ತಿ ತರಲು ಕೊಟ್ರಬಸಮ್ಮನವರ ಅಂಗಡಿಗೆ ಹೋದೆ. ಕಟ್ಟಿಕೊಡುತ್ತಾ ನಕ್ಕರು.

'ಹೊನ್ನೂರಣ್ಣ, ಮೊನ್ನೆ ನಿಮ್ಮ ಸೈರನ್ ಜಲ್ದಿ ಆತಲ್ಲ? ದಿನಾ ಅದನ್ನ ಕೇಳೇ ನಾನು ದೇವರ ಮುಂದ ದೀಪ ಹಚ್ಚೋದು. ಹಚ್ಚಿ ಬಂದು ಟಿವಿ ಹಾಕಿದ್ರ ಆರೂವರೆ ನ್ಯೂಸು ಆಗಷ್ಟಾ ಶುರು ಆಗಿತ್ತು.'

'ನಿಮ್ಮ ಟಿವೀನಾ ಲೇಟ್ ಇರಬೇಕು ಅಕ್ಕ' ಅಂದೆ.

'ಇರಬೌದು ಬಿಡ್ರಿ. ನೀವಂತೂ ತಪ್ಪೋರಲ್ಲ.'

ಎರಡನೇ ಸುಳ್ಳು. ಇಷ್ಟು ಸಲೀಸಾಗಿ ಬಂತಲ್ಲ ಬಾಯಿಗೆ. ಉತ್ತುತ್ತಿ ಅಂಗಡಿಯಲ್ಲೇ ಬಿಟ್ಟು ಬಂದಿದ್ದೇನೆ. ಮತ್ತೆ ಹೋಗಲು ಮುಖವಿಲ್ಲ.

ಮಾರ್ಚ್ 19, ಗುರುವಾರ

ನಿನ್ನೆ ಬರೆಯಲಿಲ್ಲ. ಬರೆದರೆ ನಿಜ ಬರೆಯಬೇಕಾಗುತ್ತದೆ.

ಬೆಳಿಗ್ಗೆ ಪೀರಾಂಬಿ ಅಜ್ಜಿ ಕಟ್ಟೆಯ ಮೇಲೆ ಕೂತು ಹೋಗುವವರಿಗೆಲ್ಲ ಹೇಳುತ್ತಿದ್ದರು: 'ಮ್ಯಾಲೆ ಹೋದಾಗ ಕೇಳಿದ್ರ ಹೇಳಾಕ ಈ ವರ್ಷದ್ದು ಒಂದಾದ್ರೂ ಐತವ್ವ.' ನನ್ನನ್ನು ಕರೆದು ತಲೆ ಸವರಿದರು. ಹೇಳಿಬಿಟ್ಟರೆ ಈ ಮುದುಕಿ ಇನ್ನೊಂದು ರೋಜಾಕ್ಕೆ ನಿಲ್ಲುತ್ತದೆ, ಶುಗರ್ ಇಳಿದು ಬಿದ್ದರೆ? ಸುಮ್ಮನಿರುವುದೇ ಮೇಲು ಅಂದುಕೊಂಡೆ. ನಾಲ್ಕು ಹೆಜ್ಜೆ ನಡೆಯುವಷ್ಟರಲ್ಲಿ ನನ್ನ ಕಳ್ಳತನ ನನಗೇ ಗೊತ್ತಾಯಿತು. ಅಜ್ಜಿಯ ಸೆರಗಿನ ಹಿಂದೆ ಅಡಗಿಕೊಳ್ಳುತ್ತಿದ್ದೇನೆ.

ಮಧ್ಯಾಹ್ನದ ನಮಾಜ್ ಮುಗಿದ ಮೇಲೆ ಪರದೆಯ ಹೊರಗೆ ಕೂತು ಹಜರತ್ತರಿಗೆ ಎಲ್ಲ ಹೇಳಿದೆ. ಪರದೆ ಸ್ವಲ್ಪ ಸರಿಸಿ ನನ್ನ ಮುಖ ನೋಡಿದರು. ಆಮೇಲೆ,

'ನಾನೂ ಒಂದು ತೀರಿಸಬೇಕಾತು. ಎಲ್ಲರೂ ತೀರಿಸಬೇಕು.'

'ನೀವಾ ಹೇಳಿಬಿಡ್ರಿ ಹಜರತ್.'

'ನಾನು ಒತ್ತೀನೇನಪ್ಪಾ ಸೈರನ್? ನಾಳೆ ಜುಮ್ಮಾ. ನಮಾಜ್ ಆದಮ್ಯಾಲೆ ಮೈಕ್ ನಿನ್ನ ಕೈಗೆ ಕೊಡತೀನಿ. ನೀನಾ ಹೇಳು, ಇದ್ದದ್ದು ಇದ್ದಂಗ.'

ಸಂಜೆ ಎಲ್ಲರೂ ಮಾಳಿಗೆ ಹತ್ತಿದರು. ಚಂದ್ರ ಕಾಣಲಿಲ್ಲ. ನಾಳೆಯೂ ರೋಜಾ.

ಮಾರ್ಚ್ 20, ಶುಕ್ರವಾರ

ಹೇಳಿದೆ.

ಮೈಕ್ ಕೈಗೆ ಬಂತು. ಮಸೀದಿ ತುಂಬಿ ಅಂಗಳದವರೆಗೆ ಜನ. ಮನೆಯಲ್ಲಿ ಹೆಂಗಸರೂ ಹಾರ್ನಿನಲ್ಲಿ ಕೇಳುತ್ತಿದ್ದಾರೆ. 'ಭಾನುವಾರ ಸೈರನ್ ನಾಲ್ಕು ನಿಮಿಷ ಮುಂಚೆ ಆಗೈತಿ. ಎಲ್ಲರೂ ಒಂದು ರೋಜಾ ತೀರಿಸಬೇಕು. ಮಾಫ್ ಮಾಡ್ರಿ.' ಇದಾದ ಮೇಲೆ ಕಾರಣ ಹೇಳಬೇಕಿತ್ತು. ಎಲ್ಲರ ಮುಖ ನೋಡಿದೆ. ಬಾಯಿಂದ ಬಂದದ್ದು — 'ಗಡಿಯಾರ ಹೆಚ್ಚುಕಮ್ಮಿ ಆಗಿತ್ತು.'

ಬೈಯುತ್ತಾರೆ ಅಂದುಕೊಂಡಿದ್ದೆ. ಹೊಗಳಿದರು! ಕಮಿಟಿ ಅಧ್ಯಕ್ಷ ರಾಜೇಸಾಬರು ಬೆನ್ನು ತಟ್ಟಿದರು: 'ಈಗಿನ ಕಾಲದಾಗ ಯಾರು ಒಪ್ಪಿಕೊಂತಾರ? ದಿಲ್ ಬೇಕು ಇದಕ್ಕ. ಭಾನುವಾರ ಎಲ್ಲರೂ ಕೂಡೇ ತೀರಿಸೋಣು, ಇಲ್ಲೇ ಮಸೂತ್ಯಾಗ ಬಿಡೋಣು.' ನಿಯತ್ತಿನ ಮನುಷ್ಯ ಅಂದರು ಯಾರೋ. ಹಜರತ್ ಮಾತ್ರ ನನ್ನನ್ನೊಮ್ಮೆ ನೋಡಿ ಕಣ್ಣು ಕೆಳಗೆ ಹಾಕಿದರು. ಆ ಕಾರ್ಪೆಟ್ಟಿನೊಳಗೆ ಇಂಗಿಹೋಗಬಾರದೇ ಅನ್ನಿಸಿತು.

ಪೀರಾಂಬಿ ಅಜ್ಜಿ ಬಾಗಿಲಲ್ಲೇ ತಡೆದರು. 'ಗಡಿಯಾರದ ತಪ್ಪಿಗೆ ನೀ ಏನು ಮಾಡ್ತೀಯೋ ಹೊನ್ನೂರಾ? ಹಬ್ಬದ ಮರುದಿನ ನಾನೂ ಇರತೀನಿ ಬಿಡು.' ಡಾಕ್ಟರ್ ಅಂದೆ. ಫಿದಿಯಾ ಕೊಟ್ಟು ಬಿಡಬಹುದು, ಬಡವರಿಗೆ ಊಟ ಹಾಕಿದರಾಯಿತು ಅಂದೆ. 'ಡಾಕ್ಟರ್ ಬಂದು ಜವಾಬು ಕೊಡತಾನೇನು ನನ್ನ ಪರವಾಗಿ?' ಅಂದರು.

ಮನೆಯಲ್ಲಿ ಖಾಜಾಬನಿ ಶಾವಿಗೆ ಹುರಿಯುತ್ತಿದ್ದಳು. ತಲೆ ಎತ್ತಲಿಲ್ಲ. 'ಪಾಪ, ಗಡಿಯಾರ ಏನು ಮಾಡಿತ್ರಿ?' ಅಂದಳು. ಅಷ್ಟೇ. ಸಾಕು ಅಷ್ಟು.

ಚಂದ್ರ ಕಂಡ. ಪಟಾಕಿ ಹೊಡೆದರು.

ಮಾರ್ಚ್ 21, ಶನಿವಾರ, ಹಬ್ಬ

ಹೊಸ ಬಟ್ಟೆ. ಅತ್ತರಿನ ಘಮ. ಈದ್ಗಾದಲ್ಲಿ ಎಲ್ಲರೂ ಅಪ್ಪಿಕೊಂಡರು, ಮೂರು ಮೂರು ಸಲ. ಹೋದ ವರ್ಷಕ್ಕಿಂತ ಬಿಗಿಯಾಗಿ. ಕೊಟ್ರಬಸಮ್ಮನವರಿಗೆ ಸುರಕುಂಬಾ ಕಳಿಸಿದೆ, ನಾನು ಹೋಗಲಿಲ್ಲ. 

ಅಲ್ಫಿಯಾ ಯಾಕೋ ಸಪ್ಪಗಿದ್ದಾಳೆ. ಬಳೆ ಹಾಕಿಕೊಳ್ಳಲಿಲ್ಲ. ಅಜ್ಜಿಯ ಮನೆಗೆ ಮೂರು ಸಲ ಹೋಗಿ ಇಣುಕಿ ಬಂದಳು.

ಮಾರ್ಚ್ 22, ಭಾನುವಾರ, ಸಂಜೆ 6.10

ಬೇಗ ಬರೆಯಬೇಕು.

ಅಲ್ಫಿಯಾ ಇವತ್ತು ರೋಜಾ ಇದ್ದಾಳೆ. ಯಾರಿಗೂ ಹೇಳದೆ, ಬೆಳಿಗ್ಗೆಯಿಂದ. ನಾಲ್ಕಕ್ಕೆ ಗೊತ್ತಾಯಿತು. ಗೋಡೆಗೆ ಒರಗಿ ಕೂತಿದ್ದಳು, ತುಟಿ ಬಿಳಿಚಿತ್ತು. ಲೋಟ ತುಂಬಿ ತಂದೆ. ಅವತ್ತು ಕೊಡಬೇಕಾದ ನೀರು.

'ಕುಡಿ ಕಂದ. ನೀನು ಸಣ್ಣಾಕಿ. ನೀನು ತೀರಿಸಬೇಕಂತಿಲ್ಲ.'

'ಬ್ಯಾಡಪ್ಪ. ನಾನು ಅತ್ತಿದ್ದಕ್ಕಾ ನೀವು ಒತ್ತಿದ್ರಲ್ಲ. ಫೋನ್‌ನ್ಯಾಗ ಕೇಳ್ದೆ.'

ಲೋಟ ಕೆಳಗಿಟ್ಟೆ. ಅವಳೇ ಮತ್ತೆ,

'ಅಜ್ಜಿ ಮಲಕೊಂಡಾಳ. ಏಳಂಗಿಲ್ಲ ಅಂತಾಳ, ತಲಿ ತಿರುಗತೈತಂತ. ಅಜ್ಜಿಗೆ ಏನಾರ ಆದ್ರ ನನ್ನಿಂದಾನಾ ಅಪ್ಪ?'

ಆಮೇಲೆ ನನ್ನ ಕೈ ಹಿಡಿದು, ನನಗೇ ಧೈರ್ಯ ಹೇಳುವವಳ ಹಾಗೆ: 'ನಾನು ಯಾರಿಗೂ ಹೇಳಿಲ್ಲಪ್ಪ. ಓಣ್ಯಾಗೂ ಕೇಳಿದ್ರು, ಅಜ್ಜೀನೂ ಕೇಳಿದ್ಲು. ಗಡಿಯಾರ ಕೆಟ್ಟಿತ್ತು ಅಂತಾನ ಹೇಳೀನಿ.'

ಎಂಟು ವರ್ಷದ ಮಗು ನನ್ನ ಸುಳ್ಳನ್ನು ಹೊತ್ತುಕೊಂಡು ಓಡಾಡಿದೆ, ಹಬ್ಬದ ದಿನವೂ. ಇದಕ್ಕಿಂತ ಕೆಳಗೆ ಹೋಗಲು ಜಾಗವಿಲ್ಲ.

ಕೂಡಲೇ ಖಾಜಾಬನಿಯೂ ನಾನೂ ಅಜ್ಜಿಯ ಮನೆಗೆ ಹೋದೆವು. ಸಕ್ಕರೆ ನೀರು ಮುಂದೆ ಹಿಡಿದು, ಇದ್ದದ್ದನ್ನೆಲ್ಲ ಹೇಳಿದೆ. ಅಜ್ಜಿ ಕಣ್ಣು ಬಿಟ್ಟು ನೋಡಿದರು. ಮುಖ ಗೋಡೆಗೆ ತಿರುಗಿಸಿದರು. ಬೈದಿದ್ದರೆ ಚೆನ್ನಾಗಿತ್ತು. ಕೊನೆಗೆ ನನ್ನ ಕೈಯಿಂದ ಲೋಟ ತೆಗೆದುಕೊಳ್ಳಲಿಲ್ಲ, ಖಾಜಾಬನಿಯ ಕೈಯಿಂದ ಕುಡಿದರು. ಅವಳು ಅಲ್ಲೇ ಕೂತಿದ್ದಾಳೆ.

ಮಸೀದಿಯಲ್ಲಿ ತೀರಿಸುವ ರೋಜಾದವರು ಸೇರಿದ್ದಾರೆ. ಮೈಕ್ ಆನ್ ಇರುತ್ತದೆ. ಅಲ್ಫಿಯಾಳೂ ಬರುತ್ತಾಳೆ, ಅವಳು ಕೇಳಬೇಕು. ಅಲ್ಲಿ ತಡವರಿಸಬಾರದು, ಅದಕ್ಕೆ ಮಾತುಗಳನ್ನು ಇಲ್ಲಿ ಒಮ್ಮೆ ಬರೆದುಕೊಳ್ಳುತ್ತೇನೆ.

ಅವತ್ತು ಗಡಿಯಾರ ಸರಿ ಇತ್ತು. ನನ್ನ ಮಗಳು ಅತ್ತಿದ್ದು ತಪ್ಪಲ್ಲ. ಟೈಮ್ ನೋಡಿ, ಗೊತ್ತಿದ್ದೇ, ನಾನು ಒತ್ತಿದೆ.